ಜಾನ್ ಬಾರ್ಡೀನ್

ವಿದ್ಯುತ್ಪ್ರವಾಹವನ್ನು ಹತೋಟಿಯಲ್ಲಿಡುವ ಟ್ರಾನ್ಸಿಸ್ಟರ್ ಇಲ್ಲದಿದ್ದರೆ ಇಂದಿನ ಗಣಕಯಂತ್ರವೂ ಇಲ್ಲ, ಕೈಯಲ್ಲಿ ಹಿಡಿಯುವ ದೂರವಾಣಿಯೂ ಇಲ್ಲ. ಅದರ ಜನ್ಮಕ್ಕೆ ಕಾರಣವಾದದ್ದು ಒಂದು ವಿಫಲ ಪ್ರಯೋಗ. ಆ ವೈಫಲ್ಯದ ಮರ್ಮವನ್ನು ಅರಿತ ಮಹನೀಯರೇ ಜಾನ್ ಬಾರ್ಡೀನರು.

ಬಾರ್ಡೀನರು 1908ನೆಯ ಇಸವಿ ಮೇ 23ರಂದು ಅಮೆರಿಕೆಯ ಮ್ಯಾಡಿಸನ್ ನಗರದಲ್ಲಿ ಜನಿಸಿದರು. ಬಾಲಕನ ಬುದ್ಧಿಶಕ್ತಿಯನ್ನು ಕಂಡು ಅವರನ್ನು ಮೂರನೆಯ ಇಯತ್ತೆಯಿಂದ ನೇರವಾಗಿ ಏಳನೆಯದಕ್ಕೆ ಏರಿಸಲಾಯಿತು. ಹನ್ನೆರಡು ತುಂಬುವ ಮೊದಲೇ ಅವರು ಮಾತೃವಿಯೋಗದ ದುಃಖವನ್ನು ಅನುಭವಿಸಬೇಕಾಯಿತು. ಆದರೂ ವ್ಯಾಸಂಗ ನಿಲ್ಲಲಿಲ್ಲ. ಹದಿನೈದನೆಯ ವಯಸ್ಸಿಗೆ ವಿಶ್ವವಿದ್ಯಾಲಯವನ್ನು ಸೇರಿ, ವಿದ್ಯುತ್ ಎಂಜಿನಿಯರಿಂಗ್ ಕಲಿತು, 1936ರಲ್ಲಿ ಪ್ರಿನ್ಸ್‌ಟನ್ನಿನಿಂದ ಡಾಕ್ಟರೇಟ್ ಪದವಿಯನ್ನು ಪಡೆದರು.

1945ರಲ್ಲಿ ಅವರು ನ್ಯೂಜೆರ್ಸಿಯ ಬೆಲ್ ಪ್ರಯೋಗಶಾಲೆಯನ್ನು ಸೇರಿದಾಗ, ಅಲ್ಲಿ ಷಾಕ್ಲಿಯವರು ಒಂದು ಸಮಸ್ಯೆಯಲ್ಲಿ ಸಿಲುಕಿದ್ದರು. ಸಿಲಿಕಾನಿನಂತಹ ಅರೆವಾಹಕದ ತೆಳುಪದರದ ಸಮೀಪದಲ್ಲಿ ಲೋಹದ ತಗಡನ್ನಿಟ್ಟು ಅದಕ್ಕೆ ವಿದ್ಯುದಾವೇಶವನ್ನು ಕೊಟ್ಟರೆ, ಆ ವಿದ್ಯುತ್ ಕ್ಷೇತ್ರವು ಪದರಕ್ಕೆ ಎಲೆಕ್ಟ್ರಾನುಗಳನ್ನು ಸೆಳೆದು ಅಲ್ಲಿಯ ಪ್ರವಾಹವನ್ನು ಹೆಚ್ಚಿಸಬೇಕು. ನಲ್ಲಿಯ ತಿರುಪಿನಿಂದ ನೀರನ್ನು ಹೆಚ್ಚು ಕಡಿಮೆ ಮಾಡುವಂತೆಯೇ ಇದು. ಆದರೆ ಪ್ರವಾಹದಲ್ಲಿ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ.

ಬಾರ್ಡೀನರು ಷಾಕ್ಲಿಯವರ ಲೆಕ್ಕವನ್ನು ಪರೀಕ್ಷಿಸಿದರು, ಅದರಲ್ಲಿ ದೋಷವಿರಲಿಲ್ಲ. ದೋಷವಿದ್ದುದು ವಸ್ತುವಿನ ಮೇಲ್ಮೈಯಲ್ಲೆಂದು ಅವರು 1946ರಲ್ಲಿ ಪ್ರತಿಪಾದಿಸಿದರು. ಒಳಗಿನ ಪರಮಾಣುವಿಗೆ ಸುತ್ತಲೂ ನೆರೆಹೊರೆಯುಂಟು; ಅಂಚಿನ ಪರಮಾಣುವಿಗೆ ಒಂದು ಬದಿಯಲ್ಲಿ ಜೊತೆಯಿಲ್ಲ. ಅಲ್ಲಿ ಎಲೆಕ್ಟ್ರಾನುಗಳು ಸೆರೆಸಿಕ್ಕಿ ನಿಲ್ಲುತ್ತವೆ. ಅವು ತಾವೂ ಚಲಿಸವು. ಹೊರಗಿನ ಕ್ಷೇತ್ರವು ಒಳಗೆ ಹೋಗದಂತೆ ಕೋಟೆಯ ಗೋಡೆಯಾಗುವವು.

ಈ ಮೇಲ್ಮೈಯನ್ನು ಶೋಧಿಸುತ್ತಿದ್ದಾಗಲೇ, 1947ರ ಡಿಸೆಂಬರ್ 16ರಂದು, ಬಾರ್ಡೀನ್ ಮತ್ತು ಬ್ರಾಟೇನ್ ಅವರು ಜರ್ಮೇನಿಯಮ್ ಹರಳಿನ ಮೇಲೆ ಎರಡು ಚಿನ್ನದ ಸ್ಪರ್ಶಬಿಂದುಗಳನ್ನು ಅತಿ ಸಮೀಪದಲ್ಲಿಟ್ಟು ಮೊದಲನೆಯ ಟ್ರಾನ್ಸಿಸ್ಟರನ್ನು ಸಾಧಿಸಿದರು. ಇದು ಬೇರೆ ಬಗೆಯದು. ಕ್ಷೇತ್ರದಿಂದಲೇ ನಡೆಯುವ ಸಿಲಿಕಾನ್ ಟ್ರಾನ್ಸಿಸ್ಟರ್ ಸಿದ್ಧವಾದದ್ದು 1960ರ ಸುಮಾರಿಗೆ. ಅದೇ ಸಂಸ್ಥೆಯ ಅಟಾಲಾ ಮತ್ತು ಕಾಂಗ್ ಅವರು ಆಕ್ಸೈಡಿನ ಹೊದಿಕೆಯಿಂದ ಮೇಲ್ಮೈಯ ಉಪದ್ರವವನ್ನು ಶಮನಗೊಳಿಸಿದ ಮೇಲೆ.

ಬಾರ್ಡೀನರು 1956ರಲ್ಲಿ ಷಾಕ್ಲಿ, ಬ್ರಾಟೇನರೊಡನೆ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಮೂವರು ಮಕ್ಕಳಲ್ಲಿ ಒಬ್ಬರನ್ನೇ ಕರೆತಂದುದಕ್ಕೆ ಸ್ವೀಡನ್ನಿನ ದೊರೆ ಆಕ್ಷೇಪಿಸಿದಾಗ, ಮುಂದಿನ ಸಲ ಎಲ್ಲರನ್ನೂ ತರುವೆನೆಂದು ಅವರು ವಿನೋದವಾಗಿ ಹೇಳಿದರಂತೆ. 1972ರಲ್ಲಿ ಅತಿವಾಹಕತೆಯ ಸಿದ್ಧಾಂತಕ್ಕಾಗಿ ಪಾರಿತೋಷಕ ಮತ್ತೆ ಬಂದಿತು, ಮಾತೂ ನಡೆಯಿತು. ಭೌತಶಾಸ್ತ್ರದಲ್ಲಿ ಈ ಗೌರವವನ್ನು ಎರಡು ಸಲ ಪಡೆದವರು ಅವರೊಬ್ಬರೇ. ಮಿತಭಾಷಿಗಳಾದ ಬಾರ್ಡೀನರು 1991ನೆಯ ಜನವರಿ 30ರಂದು ತೀರಿಕೊಂಡರು.

2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅವರು ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಹಾಳೆಯಾದ ಗ್ರಾಫೀನಿನಲ್ಲಿ ಕ್ಷೇತ್ರದ ಪ್ರಭಾವವನ್ನು ತೋರಿಸಿದರು. ಅದಕ್ಕೆ ಒಳಗೆಂಬುದೇ ಇಲ್ಲ, ಎಲ್ಲವೂ ಮೇಲ್ಮೈ. ಅದರಲ್ಲಿ ಪ್ರವಾಹವನ್ನು ಪೂರ್ಣವಾಗಿ ನಿಲ್ಲಿಸುವುದು ಕಷ್ಟ. ಅದು ಕುಳಿತ ತಳದಲ್ಲಿ ಸೆರೆಸಿಕ್ಕ ಆವೇಶಗಳೂ ಅದನ್ನು ಕಾಡುತ್ತವೆ. ಬಾರ್ಡೀನರು ಎತ್ತಿದ ಪ್ರಶ್ನೆ ಇನ್ನೂ ಜೀವಂತವಾಗಿದೆ.

ಪ್ರಯೋಗವೊಂದು ಕೆಟ್ಟಾಗ ನಾವು ಅದನ್ನು ಬದಿಗಿಡುವುದುಂಟು. ಅದೇಕೆ ಕೆಟ್ಟಿತೆಂದು ಕೇಳುವುದೂ ವಿದ್ಯೆಯೆಂಬುದನ್ನು ನಾವು ಈ ಮಹನೀಯರ ಜೀವನದಿಂದ ಕಲಿಯೋಣ.