ಒಂದಾಗದ ಮನೆಯಲ್ಲೂ ದೇವರ ಸಂಕಲ್ಪ

ಮನೆಯವರೆಲ್ಲರೂ ಒಂದೇ ಬಲಿಪೀಠದ ಮುಂದೆ ಮಂಡಿಯೂರುವುದಿಲ್ಲವೆಂಬ ಅಳಲನ್ನು ನಾಗರಬಾವಿಯ ಕುಟುಂಬಗಳಲ್ಲಿ ನಾವು ಆಗಾಗ ಕೇಳುತ್ತೇವೆ. ಅಂಥವರು ಮದರ್ ವೆರೋನಿಕಾರ ಬಾಳನ್ನು ನೆನೆಯುವುದು ಒಳಿತು.

1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಜನಿಸಿದ ಸೋಫಿ ಲೀವ್ಸ್ ಆಂಗ್ಲಿಕನ್ ಗುರುವಿನ ಮಗಳು. ಪವಿತ್ರ ಬೈಬಲ್ ಆಧುನಿಕ ಗ್ರೀಕ್ ಭಾಷೆಗೆ ಬರಲೆಂದು ತಂದೆ ಬಹುವಾಗಿ ಶ್ರಮಿಸಿದವರು. 1850ರಲ್ಲಿ ಮಗಳು ಮಾಲ್ಟಾದಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ನಿಶ್ಚಯವಾಗಿದ್ದ ವಿವಾಹವನ್ನು ತೊರೆದು 1851ರಲ್ಲಿ ಕನ್ಯಾಮಠವನ್ನು ಪ್ರವೇಶಿಸಿದರು. 1854ರಲ್ಲಿ ಗ್ರೀಸಿನಲ್ಲಿ ಅವರ ಸೋದರನೂ ಆತನ ಪತ್ನಿಯೂ ಕೊಲೆಯಾದರು.

ಈ ಗಾಯಗಳೆಲ್ಲ ಮಾಯಲೆಂದು ಅವರು ಕಾಯಲಿಲ್ಲ. 1868ರಲ್ಲಿ ಫ್ರಾನ್ಸಿನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿ, 1870ರಲ್ಲಿ ಅದರ ಭಗಿನಿಯರನ್ನು ಮಂಗಳೂರಿಗೆ ಕಳುಹಿಸಿದರು. 1906ರಲ್ಲಿ ನಿಧನರಾದ ಅವರನ್ನು 2014ರಲ್ಲಿ ಧರ್ಮಸಭೆ ಪೂಜ್ಯರೆಂದು ಸಾರಿತು.

ದೇವರ ವಾಕ್ಯವನ್ನು ಅವರು ಮೊದಲು ಕೇಳಿದ್ದು ತಂದೆಯ ಮನೆಯಲ್ಲೇ ಎಂಬುದನ್ನು ನಾವು ಮರೆಯಬಾರದು. ಕೊರತೆಯಿಲ್ಲದ ಕುಟುಂಬವನ್ನು ದೇವರು ಎದುರು ನೋಡುತ್ತ ಕೂರುವುದಿಲ್ಲ. ಇರುವ ಮನೆಯಲ್ಲೇ ತಮ್ಮ ಕಾರ್ಯವನ್ನು ಆರಂಭಿಸುತ್ತಾರೆ. ಆದುದರಿಂದ, ಪ್ರಿಯರೇ, ಬಾರದವರನ್ನು ವಾದದಿಂದ ಎಳೆಯದೆ, ಇರುವವರೊಡನೆ ಇಂದೇ ಜಪಸರವನ್ನು ಹಿಡಿಯೋಣ. ಉಳಿದುದನ್ನು ಅವರ ಕೈಗೊಪ್ಪಿಸೋಣ.