ಮೋಡಗಳ ಮೇಲೊಂದು ಕಣ್ಣು

ಮಕ್ಕಳೇ, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಭಾರಿ ಮಳೆಯಾದೀತೆಂಬ ಮುನ್ಸೂಚನೆ ಕೇಳಿದ್ದೀರಲ್ಲವೇ? ಅದಕ್ಕೆ ನೆರವಾಗುವ ಉಪಗ್ರಹಗಳ ಹಿಂದೆ ಸತೀಶ್ ಧವನ್ ಅವರ ಶ್ರಮವಿದೆ.

1920ರಲ್ಲಿ ಶ್ರೀನಗರದಲ್ಲಿ ಜನಿಸಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. 1972ರಲ್ಲಿ ಇಸ್ರೋದ ಹೊಣೆಯನ್ನೂ ಹೊತ್ತರು.

1982ರ ಏಪ್ರಿಲ್‌ನಲ್ಲಿ ಇನ್ಸಾಟ್-1ಎ ಉಪಗ್ರಹ ಮೇಲೇರಿತು. ನಮ್ಮ ಹಾಸನದಿಂದಲೇ ಅದರ ನಿಯಂತ್ರಣ. ಆದರೆ ಐದೇ ತಿಂಗಳಲ್ಲಿ ಇಂಧನ ಮುಗಿದು ಅದು ನಿಷ್ಪ್ರಯೋಜಕವಾಯಿತು! ಎಷ್ಟು ನಿರಾಸೆಯಾಗಿರಬೇಕು, ಯೋಚಿಸಿ. ಧವನ್ ಮತ್ತು ಸಂಗಡಿಗರು ಕೈಚೆಲ್ಲಲಿಲ್ಲ. 1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಹಾರಿತು. ಸುಮಾರು 36,000 ಕಿ.ಮೀ. ಎತ್ತರದಿಂದ, ರಾತ್ರಿಯಲ್ಲೂ, ಮೋಡಗಳ ಚಿತ್ರ ಕಳಿಸಿತು. ಮೋಡದ ತುದಿ ತಣ್ಣಗಿದ್ದಷ್ಟೂ ಅದು ಎತ್ತರ. ಅಂಥ ಮೋಡವೇ ಜೋರು ಮಳೆ ಸುರಿಸಬಲ್ಲದು.

ಧವನ್ 2002ರಲ್ಲಿ ತೀರಿಕೊಂಡರು. 2024ರಲ್ಲಿ ಹಾರಿದ ಇನ್ಸಾಟ್-3ಡಿಎಸ್ ಕೂಡ ಮೋಡ ಕಾಯುವ ಉಪಗ್ರಹವೇ.