ತಿದ್ದಿಕೊಂಡ ಅಧ್ಯಾಪಕ: ಲಾರ್ಡ್ ಕೆಲ್ವಿನ್ ಮತ್ತು ಹೀಟ್ ಪಂಪ್

ಅಭ್ಯಾಸ ಬೋಧನೆಯ ಮೂರನೆಯ ವಾರ ಒಂಬತ್ತನೆಯ ತರಗತಿಗೆ ಉಷ್ಣದ ಪಾಠ ಮಾಡುತ್ತಿದ್ದೆ. ಫ್ರಿಜ್ ತಂಪನ್ನು ತಯಾರಿಸುತ್ತದೆ ಎಂದುಬಿಟ್ಟೆ. ಹಾಗಾದರೆ ಅದರ ಹಿಂಬದಿ ಯಾಕೆ ಬಿಸಿಯಾಗಿರುತ್ತದೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಆ ಸಂಜೆ ಪುಸ್ತಕ ಹಿಡಿದು ಕೂತಾಗ ಎದುರಾದವರು ವಿಲಿಯಂ ಥಾಮ್ಸನ್. ತಾಪದ ಏಕಮಾನದ ಹೆಸರಾಗಿ ಮಾತ್ರ ನಾನು ಬಲ್ಲ ಲಾರ್ಡ್ ಕೆಲ್ವಿನ್ ಇವರೇ.

ಅವರು ಹುಟ್ಟಿದ್ದು 1824ರ ಜೂನ್ 26ರಂದು, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಆರು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಗಣಿತದ ಅಧ್ಯಾಪಕರಾಗಿದ್ದ ತಂದೆಯೇ ಮನೆಯಲ್ಲಿ ಪಾಠ ಹೇಳಿದರು. 1832ರಲ್ಲಿ ತಂದೆಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಕ್ಕಿ ಕುಟುಂಬ ಸ್ಕಾಟ್ಲೆಂಡಿಗೆ ಹೋಯಿತು. ಹತ್ತನೆಯ ವಯಸ್ಸಿಗೇ ವಿಲಿಯಂ ಅಲ್ಲಿ ವಿದ್ಯಾರ್ಥಿ. ಮುಂದೆ ಕೇಂಬ್ರಿಜ್‌ನಲ್ಲಿ ಓದಿ, 1846ರಲ್ಲಿ, 22ನೆಯ ವಯಸ್ಸಿಗೆ, ಗ್ಲಾಸ್ಗೋದಲ್ಲೇ ಪ್ರಾಧ್ಯಾಪಕರಾದರು. ಕಾಲೇಜಿನ ಹಳೆಯ ವೈನ್ ನೆಲಮಾಳಿಗೆಯನ್ನು ವಿದ್ಯಾರ್ಥಿಗಳ ಪ್ರಯೋಗಾಲಯವಾಗಿ ಮಾಡಿಕೊಂಡರು.

ಉಷ್ಣದ ವಿಷಯದಲ್ಲಿ ಅವರೂ ಎಡವಿದ್ದರು. ನೀರು ಗಿರಣಿಯ ಚಕ್ರ ತಿರುಗಿಸಿ ಕೆಳಗೆ ಹರಿಯುವಂತೆ ಉಷ್ಣವು ಎಂಜಿನ್ ನಡೆಸಿ ತಣ್ಣನೆಯ ಕಡೆಗೆ ಇಳಿಯುತ್ತದೆ, ಅದರ ಪ್ರಮಾಣ ಮಾತ್ರ ಕಡಿಮೆಯಾಗದು ಎಂದು ಫ್ರಾನ್ಸಿನ ಸಾಡಿ ಕಾರ್ನೋ 1824ರಲ್ಲಿ ಬರೆದಿದ್ದರು. ಥಾಮ್ಸನ್ ಅದನ್ನು ನಂಬಿದ್ದರು. 1847ರಲ್ಲಿ ಆಕ್ಸ್‌ಫರ್ಡ್‌ನ ಸಭೆಯೊಂದರಲ್ಲಿ ಜೇಮ್ಸ್ ಜೌಲ್, ಕೆಲಸವೇ ಉಷ್ಣವಾಗಿ ಮಾರ್ಪಡುತ್ತದೆ ಎಂದು ವಾದಿಸಿದರು. ಥಾಮ್ಸನ್‌ಗೆ ಅದನ್ನು ಒಪ್ಪಲೂ ಆಗಲಿಲ್ಲ, ತಳ್ಳಿಹಾಕಲೂ ಆಗಲಿಲ್ಲ. ನಾಲ್ಕು ವರ್ಷ ಯೋಚಿಸಿ, 1851ರ ಹೊತ್ತಿಗೆ ಹಳೆಯ ನಂಬಿಕೆಯನ್ನು ಬಿಟ್ಟರು. ಕಾರ್ನೋ ಹೇಳಿದ್ದರಲ್ಲಿ ಸರಿಯಿದ್ದುದನ್ನು ಉಳಿಸಿಕೊಂಡು ಜೌಲ್ ಹೇಳಿದ್ದರ ಜೊತೆ ಜೋಡಿಸಿದರು.

ಮರುವರ್ಷವೇ, 1852ರಲ್ಲಿ, ಉಷ್ಣ ಎಂಜಿನ್ನನ್ನು ಹಿಂದುಮುಂದಾಗಿ ನಡೆಸಿ ಕಟ್ಟಡಗಳನ್ನು ಬೆಚ್ಚಗಿಡುವ ಯೋಜನೆ ಮುಂದಿಟ್ಟರು. ಹೊರಗಿನ ಗಾಳಿಯನ್ನು ಸಿಲಿಂಡರಿನಲ್ಲಿ ಹಿಗ್ಗಿಸಿದರೆ ಅದು ಹೊರಗಿನ ಹವೆಗಿಂತಲೂ ತಣ್ಣಗಾಗುತ್ತದೆ. ಆಗ ಹೊರಗಿನ ಉಷ್ಣ ಅದರೊಳಕ್ಕೆ ಹರಿಯುತ್ತದೆ. ಮತ್ತೆ ಒತ್ತಿದರೆ ಆ ಗಾಳಿ ಬೆಚ್ಚಗಾಗಿ ಕೋಣೆ ಸೇರುತ್ತದೆ. ಅದೇ ತತ್ವದಿಂದ ಕೋಣೆಯನ್ನು ತಂಪಾಗಿಸಲೂಬಹುದು.

ಚಳಿಯ ಗಾಳಿಯಲ್ಲಿ ಉಷ್ಣ ಎಲ್ಲಿಂದ ಬರಬೇಕು? ಇದಕ್ಕೆ ಉತ್ತರ ಅವರೇ 1848ರಲ್ಲಿ ಸೂಚಿಸಿದ್ದ ನಿರಪೇಕ್ಷ ತಾಪಮಾನದಲ್ಲಿದೆ. 0 ಡಿಗ್ರಿ ಸೆಲ್ಸಿಯಸ್ ಎಂದರೆ ಸುಮಾರು 273 ಕೆಲ್ವಿನ್. ಹೊರಗೆ 0 ಡಿಗ್ರಿ, ಒಳಗೆ 27 ಡಿಗ್ರಿ ಇದ್ದರೆ, ಆದರ್ಶ ಯಂತ್ರವು ಒಂದು ಪಾಲು ಕೆಲಸಕ್ಕೆ ಸುಮಾರು 11 ಪಾಲು ಉಷ್ಣ ಒದಗಿಸುತ್ತದೆ. ಇಂದಿನ ಯಂತ್ರಗಳು ಸಾಮಾನ್ಯವಾಗಿ ಮೂರು ನಾಲ್ಕು ಪಾಲು ಕೊಡುತ್ತವೆ. ಅವುಗಳಲ್ಲಿ ಗಾಳಿಯ ಬದಲು ಬೇಗ ಆವಿಯಾಗುವ ದ್ರವವಿದೆ. ಅದು ಹೊರಗೆ ಆವಿಯಾಗುತ್ತಾ ಉಷ್ಣ ಹೀರಿ, ಕಂಪ್ರೆಸರ್‌ನಲ್ಲಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗಿ, ಮನೆಯೊಳಗೆ ದ್ರವವಾಗುವಾಗ ಆ ಉಷ್ಣವನ್ನು ಬಿಟ್ಟುಕೊಡುತ್ತದೆ. ಬೇಸಿಗೆಯಲ್ಲಿ ಒಂದು ಕವಾಟ ದಿಕ್ಕು ಬದಲಿಸಿದರೆ ಮನೆಯ ಉಷ್ಣ ಹೊರಗೆ ಹೋಗುತ್ತದೆ.

ಮರುದಿನ ತರಗತಿಯಲ್ಲಿ ನಿನ್ನೆ ತಪ್ಪು ಹೇಳಿದ್ದೆ ಎಂದು ಒಪ್ಪಿಕೊಂಡೆ. ಹಿಂದೆ ಮೇಲ್ವಿಚಾರಕರು ಕೂತಿದ್ದರು, ಅಂಕ ಹೋದೀತೆಂಬ ಅಳುಕಿತ್ತು. ಮಕ್ಕಳ ಅಂಗೈಗೆ ಸ್ಪಿರಿಟ್ ಹಚ್ಚಿದೆ, ತಣ್ಣಗಾಯಿತು. ಸೈಕಲ್ ಪಂಪಿನ ಬಾಯಿ ಮುಚ್ಚಿ ಒತ್ತಿಸಿದೆ, ಬಿಸಿಯಾಯಿತು. ಫ್ರಿಜ್ ಒಳಗಿನ ಉಷ್ಣವನ್ನು ಹಿಂದಕ್ಕೆ ಸಾಗಿಸುತ್ತದೆ ಎಂದು ಆ ಹುಡುಗಿಯೇ ಹೇಳಿದಳು.

ಅಟ್ಲಾಂಟಿಕ್ ತಂತಿ ಕೇಬಲ್ಲಿನ ಕೆಲಸಕ್ಕಾಗಿ ಥಾಮ್ಸನ್ 1866ರಲ್ಲಿ ಸರ್ ಆದರು, 1892ರಲ್ಲಿ ಲಾರ್ಡ್ ಕೆಲ್ವಿನ್ ಆದರು. ಎಲ್ಲವನ್ನೂ ಅವರು ತಿದ್ದಿಕೊಂಡರೆಂದಲ್ಲ. ಭೂಮಿಯ ವಯಸ್ಸಿನ ಲೆಕ್ಕದಲ್ಲಿ ಹಟ ಹಿಡಿದು ತಪ್ಪಿದರು. 53 ವರ್ಷ ಪಾಠ ಹೇಳಿ 1899ರಲ್ಲಿ ನಿವೃತ್ತರಾದಾಗ ಅದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಹೆಸರು ನೋಂದಾಯಿಸಿಕೊಂಡರು. 1907ರ ಡಿಸೆಂಬರ್ 17ರಂದು ತೀರಿಕೊಂಡರು.